ನೀರಿನ ದಾರಿ ಮೊದಲು: ಹಳೆಯ ಟೂ-ಸ್ಟ್ರೋಕ್ ದೋಣಿ ಮೋಟಾರು ಬಿಚ್ಚುವ ಮುನ್ನ

ವಾಸ್ಕೊ, ಜುವಾರಿನಗರ, ಮಾಪ್ಸಾ ಭಾಗದ ಗ್ಯಾರೇಜುಗಳಲ್ಲಿ ಬಾಗಲಕೋಟೆ, ಗದಗ, ವಿಜಯಪುರ ಕಡೆಯ ಮಾತು ಕಿವಿಗೆ ಬೀಳುವುದು ಹೊಸತೇನಲ್ಲ. ಆ ಮೆಕ್ಯಾನಿಕ್‌ಗಳಲ್ಲಿ ಹಿರಿಯರ ಕೈ ಪಳಗಿದ್ದು ಯಮಾಹಾ ಆರ್‌ಎಕ್ಸ್ 100 ಮತ್ತು ಬಜಾಜ್ ಸ್ಕೂಟರುಗಳ ಮೇಲೆ. ಕಾರವಾರ, ಅಂಕೋಲಾ, ಕುಮಟಾದಿಂದ ಬಂದು ಗೋವಾದ ದೋಣಿಗಳಲ್ಲಿ ದುಡಿಯುವವರು ಕೆಟ್ಟ ಔಟ್‌ಬೋರ್ಡ್ ಮೋಟಾರನ್ನು, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ ಮೋಟಾರನ್ನು, ಹೊತ್ತು ತಂದು ಇವರ ಮುಂದಿಡುವುದು ಸಹಜ. ಮಾತು ತಿಳಿಯುತ್ತದೆ, ಎಂಜಿನ್ನೂ ಟೂ-ಸ್ಟ್ರೋಕೇ. "ಆರೆಕ್ಸ್ ಇದ್ದಂಗ ಐತಿ, ಬಿಡ್ರಿ, ಮಾಡಿ ಕೊಡ್ತೀನಿ" ಎಂಬ ಭರವಸೆಯೂ ಸಿಗುತ್ತದೆ.

ಆ ಮಾತು ಅರ್ಧ ನಿಜ. ಮೋಟಾರಿನ ಮೇಲ್ಮುಚ್ಚಳದ ಕೆಳಗಿರುವ ಎಂಜಿನ್ ಭಾಗವಾದ ಪವರ್‌ಹೆಡ್ ಬೈಕಿನ ಎಂಜಿನ್ನಿಗೆ ಹತ್ತಿರದ ಸಂಬಂಧಿಯೇ. ಪಿಸ್ಟನ್, ರಿಂಗು, ರೀಡ್ ವಾಲ್ವು, ಕಾರ್ಬುರೇಟರು, ಕಿಡಿ ಹೊಡೆಸುವ ಸಿಡಿಐ ಎಲ್ಲವೂ ಕಂಡು ಬಳಸಿದ ಸಾಮಾನು. ಅದರ ಕೆಳಗೆ ನೀರಿನಲ್ಲಿ ಮುಳುಗಿರುವ ಉದ್ದನೆಯ ಕಾಲು ಮಾತ್ರ ಬೈಕಿಗೆ ಇಲ್ಲವೇ ಇಲ್ಲ. ಗಾಳಿಯಿಂದ ತಣ್ಣಗಾಗುವ ಎಂಜಿನ್ನಿನಲ್ಲಿ ಪಳಗಿದವರು ಉಪ್ಪುನೀರಿನಿಂದ ತಣ್ಣಗಾಗುವ ಎಂಜಿನ್ ಬಿಚ್ಚಿದಾಗ, ಮೊದಲು ನೋಡಬೇಕಾದ್ದನ್ನು ಕೊನೆಗೆ ನೋಡುತ್ತಾರೆ. ನಮ್ಮ ಕರಾವಳಿಯಲ್ಲಿ ಹಳೆ ಟೂ-ಸ್ಟ್ರೋಕ್ ದೋಣಿ ಮೋಟಾರುಗಳು ಸವೆದು ಸಾಯುವುದಕ್ಕಿಂತ ಉಪ್ಪಿನಿಂದ ಮತ್ತು ಹಳಸಿದ ಪೆಟ್ರೋಲಿನಿಂದ ಸಾಯುವುದೇ ಹೆಚ್ಚು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗಾಗಿ ರಿಪೇರಿಯೂ ಅಲ್ಲಿಂದಲೇ ಶುರುವಾಗಬೇಕು.

ಎಂಜಿನ್ ಉಸಿರಾಡುವ ಬಗೆ

ಅಮೆರಿಕದ ಮಿಲ್ವಾಕಿಯಲ್ಲಿ ಓಲೆ ಎವಿನ್ರೂಡ್ 1909ರಲ್ಲಿ ತನ್ನ ಔಟ್‌ಬೋರ್ಡ್ ಮೋಟಾರನ್ನು ಮಾರಾಟಕ್ಕೆ ತಂದ. ಯಮಾಹಾ ತನ್ನ ಮೊದಲ ಔಟ್‌ಬೋರ್ಡನ್ನು 1960ರಲ್ಲಿ ಮಾಡಿತು. ಇಷ್ಟು ವರ್ಷಗಳಲ್ಲಿ ಕೆಲಸದ ಮೂಲ ತತ್ತ್ವ ಬದಲಾಗಿಲ್ಲ. ಪಿಸ್ಟನ್ ಹೆಡ್ಡಿನ ಕಡೆ ಹೋದಾಗ ಅದರ ಬೆನ್ನ ಹಿಂದೆ, ಅಂದರೆ ಮುಚ್ಚಿದ ಕ್ರ್ಯಾಂಕ್‌ಕೇಸಿನಲ್ಲಿ, ಗಾಳಿಯ ಒತ್ತಡ ಇಳಿಯುತ್ತದೆ. ಆಗ ರೀಡ್ ವಾಲ್ವಿನ ತೆಳು ಎಲೆಗಳು ತೆರೆದು ಕಾರ್ಬುರೇಟರಿನಿಂದ ಪೆಟ್ರೋಲು, ಗಾಳಿ, ಆಯಿಲ್ಲಿನ ಮಿಶ್ರಣ ಒಳಗೆ ಬರುತ್ತದೆ. ಪಿಸ್ಟನ್ ಹಿಂದಿರುಗುವಾಗ ಎಲೆಗಳು ಮುಚ್ಚಿಕೊಳ್ಳುತ್ತವೆ, ಮಿಶ್ರಣ ಒತ್ತಿಕೊಂಡು ಪಕ್ಕದ ಟ್ರಾನ್ಸ್‌ಫರ್ ಪೋರ್ಟುಗಳ ಮೂಲಕ ಸಿಲಿಂಡರಿಗೆ ನುಗ್ಗುತ್ತದೆ, ಉರಿದ ಹೊಗೆಯನ್ನು ಎಕ್ಸಾಸ್ಟ್ ಪೋರ್ಟಿನತ್ತ ದೂಡುತ್ತದೆ. ಕ್ರ್ಯಾಂಕು ಒಂದು ಸುತ್ತು ತಿರುಗಿದರೆ ಒಂದು ಸಲ ಉರಿಯುತ್ತದೆ.

ಇದರಲ್ಲಿ ರಿಪೇರಿಗೆ ಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ಕ್ರ್ಯಾಂಕ್‌ಕೇಸು ಕೂಡ ಒಂದು ಪಂಪು. ಕ್ರ್ಯಾಂಕಿನ ಮೇಲಿನ ಅಥವಾ ಕೆಳಗಿನ ಆಯಿಲ್ ಸೀಲು ಹರಿದರೆ ಅಲ್ಲಿಂದ ಕಳ್ಳಗಾಳಿ ಒಳಗೆ ಬರುತ್ತದೆ. ಮೋಟಾರು ಸುಲಭಕ್ಕೆ ಎತ್ತಿಕೊಳ್ಳುವುದಿಲ್ಲ, ಐಡ್ಲಿಂಗು ನಿಲ್ಲುವುದಿಲ್ಲ. ಕಾರ್ಬುರೇಟರನ್ನು ನೂರು ಸಲ ತೊಳೆದರೂ ಅದು ಸರಿಹೋಗದು. ಎರಡನೆಯದು, ಒಳಗೆ ಬಂದ ಹೊಸ ಮಿಶ್ರಣದ ಒಂದು ಪಾಲು ಉರಿಯದೆಯೇ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಹಳೆ ಕಾರ್ಬುರೇಟರ್ ಮೋಟಾರುಗಳಲ್ಲಿ ಇದು ಸುಮಾರು ಕಾಲುಭಾಗದ ಆಸುಪಾಸು. ಅಮೆರಿಕದ ಪರಿಸರ ಇಲಾಖೆ 1996ರಲ್ಲಿ ಹೊಗೆಯ ನಿಯಮ ಬಿಗಿ ಮಾಡಿದ ಮೇಲೆ ಅಲ್ಲಿ ಈ ಬಗೆಯ ಹೊಸ ಮೋಟಾರುಗಳು ಕ್ರಮೇಣ ಇಲ್ಲವಾದವು. ಅದು ಸರಿಯಾದ ಕೆಲಸವೇ. ಆದರೆ ನಮ್ಮಲ್ಲಿ ಸಣ್ಣ ದೋಣಿಯಿಟ್ಟುಕೊಂಡು ಬದುಕುವವನಿಗೆ ಹೊಸ ಫೋರ್-ಸ್ಟ್ರೋಕ್ ಕೊಳ್ಳುವ ದುಡ್ಡು ಒಮ್ಮೆಲೇ ಕೂಡಿಬರುವುದಿಲ್ಲ. ಅಲ್ಲಿಯವರೆಗೆ ಇರುವ ಮೋಟಾರನ್ನು ಸರಿಯಾದ ಜೆಟ್ಟು (ಕಾರ್ಬುರೇಟರಿನಲ್ಲಿ ಪೆಟ್ರೋಲು ಅಳೆದು ಬಿಡುವ ಸಣ್ಣ ತೂತಿನ ತಿರುಪು), ಸರಿಯಾದ ಆಯಿಲ್ಲಿನೊಂದಿಗೆ ಓಡಿಸಿದರೆ ನೀರಿಗೆ ಬೀಳುವ ಎಣ್ಣೆಯೂ ಕಡಿಮೆಯಾಗುತ್ತದೆ.

ಬಿಚ್ಚುವ ಮುನ್ನ ಕೇಳಿ, ನೋಡಿ

ಪಾನಾ ಕೈಗೆತ್ತಿಕೊಳ್ಳುವ ಮೊದಲು ದೋಣಿಯವನನ್ನು ಕೇಳಬೇಕಾದ ಪ್ರಶ್ನೆ ಒಂದೇ: ನಿಂತದ್ದು ಹೇಗೆ? ಓಡುತ್ತ ಓಡುತ್ತ ಬಲ ಕುಗ್ಗಿ ನಿಂತಿತೋ, ಟಕ್ಕನೆ ನಿಂತಿತೋ, ಮಳೆಗಾಲ ಕಳೆದು ಚಾಲೂ ಮಾಡುವ ಹಗ್ಗ ಎಳೆದಾಗ ಏಳಲೇ ಇಲ್ಲವೋ? ಬಲ ಕುಗ್ಗಿ ನಿಂತು, ಹತ್ತು ನಿಮಿಷ ಬಿಟ್ಟು ಮತ್ತೆ ಎದ್ದರೆ ಬಿಸಿಯ ತೊಂದರೆ ಅಥವಾ ಪೆಟ್ರೋಲ್ ಸಾಗುವ ತೊಂದರೆ. ಟಕ್ಕನೆ ನಿಂತರೆ ಹೆಚ್ಚಾಗಿ ಕಿಡಿಯ ತೊಂದರೆ. ಕೂತಲ್ಲೇ ಕೆಟ್ಟಿದ್ದರೆ ಕಾರ್ಬುರೇಟರಿನಲ್ಲಿ ಗೋಂದು ಕಟ್ಟಿದೆ.

ಮುಂದಿನ ಹೆಜ್ಜೆ ಪ್ಲಗ್ಗು. ಇಟ್ಟಿಗೆ-ಕಂದು ಬಣ್ಣವಿದ್ದರೆ ಒಳ್ಳೆಯದು. ಒದ್ದೆ ಕಪ್ಪಾದರೆ ಪೆಟ್ರೋಲು ಹೆಚ್ಚಾಗಿದೆ ಅಥವಾ ಕಿಡಿ ಕಡಿಮೆಯಾಗಿದೆ. ಬಿಳಿಚಿದ್ದರೆ ಪೆಟ್ರೋಲು ಸಾಲದು, ಎಂಜಿನ್ ಕಾದಿದೆ. ಪ್ಲಗ್ಗಿನ ತುದಿಯಲ್ಲಿ ಬೆಳ್ಳಿಯ ಸಣ್ಣ ಕಣಗಳು ಅಂಟಿದ್ದರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ, ಅಂದರೆ ಒಳಗೆ ಕರಗುವುದು ಆಗಲೇ ಶುರುವಾಗಿದೆ. ಎರಡು ಸಿಲಿಂಡರಿನ ಮೋಟಾರಿನಲ್ಲಿ ಒಂದು ಪ್ಲಗ್ಗು ಮಸಿ ಹಿಡಿದು ಇನ್ನೊಂದು ಆವಿಯಲ್ಲಿ ತೊಳೆದ ಹಾಗೆ ಹೊಳೆಯುತ್ತಿದ್ದರೆ ಆ ಸಿಲಿಂಡರಿಗೆ ನೀರು ಸೇರುತ್ತಿದೆ. ಹೆಡ್ ಗ್ಯಾಸ್ಕೆಟ್ ನೋಡಬೇಕು.

ಅದಾದ ಮೇಲೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಕಟ್ಟುವ ಒತ್ತಡ. ಬೈಕಿಗೆ ಬಳಸುವ 14 ಮಿ.ಮೀ. ತಿರುಪಿನ ಗೇಜು ಹೆಚ್ಚಿನ ಮೋಟಾರುಗಳಿಗೆ ಹೊಂದುತ್ತದೆ. ಎಲ್ಲ ಪ್ಲಗ್ಗು ತೆಗೆದು, ಪ್ಲಗ್ಗಿನ ವೈರುಗಳನ್ನು ಬ್ಲಾಕಿಗೆ ಅರ್ತ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಮೇಲೇರುವುದು ನಿಲ್ಲುವ ತನಕ ಹಗ್ಗ ಎಳೆಯಬೇಕು. ಸಂಖ್ಯೆ ಮಾಡೆಲ್ಲಿನಿಂದ ಮಾಡೆಲ್ಲಿಗೆ ಬೇರೆ. ಎರಡು ಸಿಲಿಂಡರುಗಳ ನಡುವೆ ಶೇ 10ಕ್ಕಿಂತ ಹೆಚ್ಚು ಅಂತರ ಇದೆಯೇ ಎಂಬುದು ಸಂಖ್ಯೆಗಿಂತ ಮುಖ್ಯ. ಎರಡೂ ಸಮವಾಗಿ ಚೆನ್ನಾಗಿದ್ದರೆ ಪವರ್‌ಹೆಡ್ ಬಿಚ್ಚುವ ಆತುರ ಬೇಡ. ಕಂಪ್ರೆಶನ್ ಇರುವ ಎಂಜಿನ್ನಿನ ಹೆಡ್ ಸುಮ್ಮನೆ ತೆಗೆದು, ಬೋಲ್ಟು ಮುರಿದುಕೊಂಡು, ಇಲ್ಲದ ಕೆಲಸ ಹುಟ್ಟಿಸಿಕೊಳ್ಳುವುದನ್ನು ದೋಣಿ ಕಟ್ಟುವ ಜೆಟ್ಟಿಗಳ ಸುತ್ತ ಬೇಕಾದಷ್ಟು ಕಾಣಬಹುದು.

ನೀರು ಹೋಗುವ ದಾರಿ

ಬೈಕು ಓಡುವಾಗ ಇಳಿಜಾರು ಬರುತ್ತದೆ, ಸಿಗ್ನಲ್ ಬರುತ್ತದೆ, ಎಂಜಿನ್ ಉಸಿರು ಬಿಡುತ್ತದೆ. ದೋಣಿ ಮೋಟಾರಿನದು ಹಿಂದೆ ಒಬ್ಬರನ್ನು ಕೂರಿಸಿಕೊಂಡು ಅನಮೋಡ ಘಾಟಿಯನ್ನು ಇಡೀ ದಿನ ಹತ್ತುತ್ತಲೇ ಇದ್ದ ಹಾಗೆ, ಇಳಿಯುವುದೆಂಬುದೇ ಇಲ್ಲ. ನಿಮಿಷಕ್ಕೆ ಐದು ಸಾವಿರದ ಆಸುಪಾಸು ಸುತ್ತುಗಳನ್ನು ಗಂಟೆಗಟ್ಟಲೆ ತಾಳಿಕೊಳ್ಳುವ ಆ ಬ್ಲಾಕನ್ನು ಉಳಿಸುವುದು ಬೆರಳಷ್ಟು ದಪ್ಪದ ಒಂದು ಕೊಳವೆಯಲ್ಲಿ ಏರುವ ನೀರು.

ಆ ನೀರು ಹೊರಡುವುದು ಕಾಲಿನ ಕೆಳತುದಿಯಲ್ಲಿ ಪ್ರೊಪೆಲರ್ ಹಿಡಿದಿರುವ ಗೇರ್‌ಕೇಸಿನ ಪಕ್ಕದ ಜಾಲರಿಯಿಂದ. ಗೇರ್‌ಕೇಸಿನ ಮೇಲ್ಗಡೆ, ಡ್ರೈವ್ ಶಾಫ್ಟಿನ ಸುತ್ತ ಒಂದು ಪಂಪು ಇದೆ. ಅದರೊಳಗಿನ ಇಂಪೆಲರ್ ರಬ್ಬರಿನದು. ಸ್ಟೀಲಿನ ಬಟ್ಟಲಿನ ನಡುವೆ ಸರಿಯಾಗಿ ಕೂರದೆ ಒಂದು ಪಕ್ಕಕ್ಕೆ ಸರಿದು ಕೂತಿರುತ್ತದೆ. ಅದಕ್ಕೇ ಅದರ ರೆಕ್ಕೆಗಳು ಒಂದು ಕಡೆ ಮಡಚಿ ಇನ್ನೊಂದು ಕಡೆ ಬಿಚ್ಚಿ ನೀರನ್ನು ದಬ್ಬುತ್ತವೆ. ವೇಗ ಏರಿದಾಗ ರೆಕ್ಕೆಗಳು ಅಂಚಿನಿಂದ ಸರಿದು ಸುಮ್ಮನೆ ಬೀಸುವ ಪಂಪಿನಂತೆ ಕೆಲಸ ಮಾಡುತ್ತವೆ. ಅಲ್ಲಿಂದ ನೀರು ಕೊಳವೆಯಲ್ಲಿ ಏರಿ, ಎಕ್ಸಾಸ್ಟ್ ಗೋಡೆ, ಸಿಲಿಂಡರ್, ಹೆಡ್ಡುಗಳ ಸುತ್ತ ಹರಿದು, ಎಂಜಿನ್ ಬಿಸಿಯಾದ ಮೇಲಷ್ಟೇ ತೆರೆಯುವ ಥರ್ಮೋಸ್ಟಾಟ್ ದಾಟಿ, ಹೊಗೆಯ ಜೊತೆ ಸೇರಿ ಪ್ರೊಪೆಲರಿನ ಕಡೆ ಹೊರಗೆ ಬೀಳುತ್ತದೆ. ಸ್ವಲ್ಪ ನೀರು ಹಿಂಬದಿಯ ಸಣ್ಣ ತೂತಿನಿಂದ ಪಿಚಕಾರಿಯಾಗಿ ಬರುತ್ತದೆ. ದೋಣಿಯವರು ಕಣ್ಣಿಡುವುದು ಅದರ ಮೇಲೆಯೇ.

ಆ ಪಿಚಕಾರಿಯನ್ನು ಪೂರ್ತಿ ನಂಬಬಾರದು. ಅದು ಬರದಿದ್ದರೆ ಪಂಪು ಸತ್ತಿದೆ ಅಂತಲೇ ಅಲ್ಲ. ತೂತಿನೊಳಗೆ ಉಪ್ಪು ಕಟ್ಟಿರಬಹುದು, ಹುಳು ಗೂಡು ಮಾಡಿರಬಹುದು. ಬಲೆಯ ದಪ್ಪ ನೈಲಾನ್ ದಾರ ತೂರಿಸಿ ಮೊದಲು ಅದನ್ನು ಬಿಡಿಸಿ. ಇನ್ನೊಂದು ಕಡೆ, ಪಿಚಕಾರಿ ಜೋರಾಗಿ ಬರುತ್ತಿದ್ದರೂ ಹೆಡ್ಡು ಸುಡುತ್ತಿರಬಹುದು. ಕೆಲವು ಮೋಟಾರುಗಳಲ್ಲಿ ಆ ನೀರು ಹೆಡ್ಡನ್ನು ಸುತ್ತುವ ಮೊದಲೇ ಕವಲೊಡೆದು ಹೊರಬೀಳುತ್ತದೆ. ಒಳಗಿನ ಜಾಕೆಟ್, ಅಂದರೆ ಸಿಲಿಂಡರಿನ ಸುತ್ತಲಿನ ನೀರಿನ ಹಾದಿ, ಮುಚ್ಚಿದ್ದರೂ ಹೊರಗೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಹೆಡ್ಡಿನ ಮೇಲೆ ಒಂದು ಹನಿ ನೀರು ಬಿಟ್ಟಾಗ ಅದು ಚುಂಯ್ ಎಂದು ಹಾರಿಹೋದರೆ ಎಂಜಿನ್ ನಿಲ್ಲಿಸಿ. ಉಷ್ಣತೆ ಅಳೆಯುವ ಗನ್ ಇದ್ದವರಿಗೆ ಇನ್ನೂ ಸುಲಭ. 50ರಿಂದ 65 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಹೆದರಿಕೆಯಿಲ್ಲ.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಮೋಟಾರು ನಿಲ್ಲಿಸಿ ದೋಣಿ ದಡಕ್ಕೆಳೆದ ಮೇಲೆ ಬಿಸಿ ಬ್ಲಾಕಿನ ಮೂಲೆಗಳಲ್ಲಿ ಉಳಿದ ನೀರು ಆರಿ ಆ ಉಪ್ಪು ಅಲ್ಲೇ ಕೂರುತ್ತದೆ. ಮರುದಿನ ಅದರ ಮೇಲೆ ಇನ್ನೊಂದು ಪದರ. ಹೀಗೇ ವರ್ಷಗಳು ಕಳೆದರೆ ಥರ್ಮೋಸ್ಟಾಟ್ ಕಚ್ಚಿಕೊಳ್ಳುತ್ತದೆ, ಹೆಡ್ಡಿನ ಹಾದಿ ಬೆರಳು ತೂರದಷ್ಟು ಕಿರಿದಾಗುತ್ತದೆ. ಸಿಹಿನೀರಿನ ಡ್ರಮ್ಮಿನಲ್ಲಿ ಮೋಟಾರು ಇಳಿಸಿ ಹತ್ತು-ಹದಿನೈದು ನಿಮಿಷ ಓಡಿಸುವುದೇ ಇದಕ್ಕೆ ಮದ್ದು. ಎರಡು ನಿಮಿಷ ಓಡಿಸಿ ತೆಗೆದರೆ ಥರ್ಮೋಸ್ಟಾಟ್ ತೆರೆಯುವುದೇ ಇಲ್ಲ, ಸಿಹಿನೀರು ಹೆಡ್ಡನ್ನು ಮುಟ್ಟುವುದೇ ಇಲ್ಲ. ಡ್ರಮ್ಮಿನ ನೀರು ಪ್ರೊಪೆಲರಿನ ಮೇಲಿರುವ ಅಗಲ ತಟ್ಟೆಗಿಂತ ಮೇಲಿರಬೇಕು. ಪ್ರೊಪೆಲರ್ ಕಳಚಿಟ್ಟರೆ ನೀರೂ ಚೆಲ್ಲದು, ಕೈಯೂ ಉಳಿಯುತ್ತದೆ. ತೆರೆದ ಜಾಗದಲ್ಲೇ ಓಡಿಸಿ. ಮುಚ್ಚಿದ ಶೆಡ್ಡಿನಲ್ಲಿ ಈ ಹೊಗೆ ಪ್ರಾಣ ತೆಗೆಯಬಲ್ಲದು.

ಮಳೆಗಾಲದಲ್ಲಿ ಮಾಂಡವಿಯ ನೀರು ಪಣಜಿಯ ಹತ್ತಿರವೂ ಹೆಚ್ಚುಕಡಿಮೆ ಸಿಹಿಯಾಗುತ್ತದೆ. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿ ಬಂದ ಹೊಳೆ ಅದು. ಹಾಗೆಂದು ಜುಲೈ ತಿಂಗಳಲ್ಲಿ ಅಲ್ಲಿ ಓಡಿಸಿದರೆ ತೊಳೆದ ಹಾಗಾಯಿತು ಎಂದುಕೊಳ್ಳಬೇಡಿ. ಆ ನೀರಿನಲ್ಲಿ ಬರುವ ಕೆಂಪು ಹೂಳು ಇಂಪೆಲರಿನ ರೆಕ್ಕೆಯನ್ನೂ ಸ್ಟೀಲ್ ಬಟ್ಟಲನ್ನೂ ತೇಯುತ್ತದೆ.

ಈಗಾಗಲೇ ಉಪ್ಪು ಗಟ್ಟಿಯಾಗಿದ್ದರೆ ಸಾದಾ ಅಡುಗೆ ವಿನಿಗರ್ ಒಳ್ಳೆಯ ಕೆಲಸ ಮಾಡುತ್ತದೆ. ಥರ್ಮೋಸ್ಟಾಟ್ ತೆಗೆದು, ಜಾಕೆಟ್ಟಿನಲ್ಲಿ ವಿನಿಗರ್ ತುಂಬಿ ಕೆಲವು ಗಂಟೆ ಬಿಟ್ಟು, ಬಳಿಕ ಸಿಹಿನೀರಿನಿಂದ ತೊಳೆಯಬೇಕು. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಮಾತ್ರ ಖಂಡಿತ ಬೇಡ. ಅದು ಉಪ್ಪಿನ ಜೊತೆ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ.

ಇಂಪೆಲರ್ ಬದಲಿಸುವುದು ಕಷ್ಟದ ಕೆಲಸವಲ್ಲ, ಆದರೆ ಕೈ ಸಮಾಧಾನದಿಂದ ನಡೆಯಬೇಕು. ಗೇರ್‌ಕೇಸನ್ನು ಕಾಲಿಗೆ ಹಿಡಿದಿರುವ ಬೋಲ್ಟುಗಳಲ್ಲಿ ಒಂದು ಕೆಲವೊಮ್ಮೆ ಪ್ರೊಪೆಲರಿನ ಮೇಲಿನ ಪುಟ್ಟ ಟ್ರಿಮ್ ಟ್ಯಾಬಿನ ಅಡಿಯಲ್ಲಿ ಅಡಗಿರುತ್ತದೆ. ಅದನ್ನು ಕಾಣದೆ ಸುತ್ತಿಗೆಯಿಂದ ಬಡಿದು ಕೇಸು ಸೀಳಿದವರಿದ್ದಾರೆ. ಗೇರ್ ಹಾಕುವ ಸರಳಿನ ಜೋಡಣೆ ಬಿಡಿಸಿದ ಮೇಲೆಯೇ ಗೇರ್‌ಕೇಸು ಕೆಳಗಿಳಿಯುತ್ತದೆ. ಪಂಪು ಬಿಚ್ಚಿದಾಗ ಹಳೆ ಇಂಪೆಲರಿನ ರೆಕ್ಕೆಗಳನ್ನು ಎಣಿಸಿ. ಒಂದು ತುಂಡು ಕಾಣೆಯಾಗಿದ್ದರೆ ಅದು ಮೇಲೆ ಎಲ್ಲೋ ಕೊಳವೆಯಲ್ಲಿ ಸಿಕ್ಕಿಕೊಂಡಿದೆ. ಅದನ್ನು ಹುಡುಕಿ ತೆಗೆಯದೆ ಹೊಸ ಇಂಪೆಲರ್ ಹಾಕಿ ಪ್ರಯೋಜನವಿಲ್ಲ. ಬಟ್ಟಲಿನಲ್ಲಿ ಆಳದ ಗೀರುಗಳಿದ್ದರೆ ಅದನ್ನೂ ಬದಲಿಸಿ. ಕೂರಿಸುವಾಗ ಸ್ವಲ್ಪ ಸಾಬೂನು ನೀರು ಹಚ್ಚಿ, ಶಾಫ್ಟನ್ನು ಅದು ತಿರುಗುವ ದಿಕ್ಕಿಗೇ ತಿರುಗಿಸುತ್ತ ಬಟ್ಟಲನ್ನು ಒತ್ತಿದರೆ ರೆಕ್ಕೆಗಳು ತಾವಾಗಿ ಸರಿಯಾದ ಕಡೆ ಮಡಚುತ್ತವೆ. ಶಾಫ್ಟಿನ ಮೇಲ್ತುದಿಯ ಹಲ್ಲುಗಳ ಪಕ್ಕಕ್ಕೆ ಗ್ರೀಸು ಹಚ್ಚಬೇಕು, ತುದಿಯ ತಲೆಗೆ ಹಚ್ಚಬಾರದು. ಅಲ್ಲಿ ಗ್ರೀಸು ತುಂಬಿಕೊಂಡರೆ ಬೋಲ್ಟು ಬಿಗಿದಾಗ ಶಾಫ್ಟು ಕ್ರ್ಯಾಂಕನ್ನೇ ಮೇಲಕ್ಕೆ ದೂಡುತ್ತದೆ.

ನೀರಿಲ್ಲದೆ ಒಣಗಿ ಓಡಿದರೆ ಇಂಪೆಲರಿಗೆ ಒಂದು ನಿಮಿಷವೂ ಬೇಡ, ಸುಟ್ಟುಹೋಗುತ್ತದೆ. "ಬರೇ ಸೌಂಡ್ ಕೇಳ್ಬೇಕ್ರೀ" ಎಂದು ಸ್ಟ್ಯಾಂಡಿನ ಮೇಲೆ ಹಗ್ಗ ಎಳೆದು ತೋರಿಸುವ ಅಭ್ಯಾಸ ಬೈಕಿನ ಗ್ಯಾರೇಜಿನಿಂದ ಬಂದದ್ದು. ಔಟ್‌ಬೋರ್ಡಿಗೆ ಅದು ಆಗದು.

ಪೆಟ್ರೋಲು ಎಂದರೆ ಆಯಿಲ್ಲೂ ಹೌದು

ಆರ್‌ಎಕ್ಸ್‌ನಲ್ಲಿ ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ, ಪಂಪು ಅದನ್ನು ಎಳೆದು ಕೊಡುತ್ತದೆ. ಜೆಟ್ಟಿನಲ್ಲಿ ಕಸ ಸಿಕ್ಕಿದರೂ ಆಯಿಲ್ ತನ್ನ ಪಾಡಿಗೆ ಬರುತ್ತಿರುತ್ತದೆ. ಹಳೆ ಔಟ್‌ಬೋರ್ಡುಗಳಲ್ಲಿ ಹೆಚ್ಚಿನವಕ್ಕೆ ಆಯಿಲ್ಲನ್ನು ಪೆಟ್ರೋಲಿಗೇ ಬೆರೆಸಬೇಕು. ಕಾರ್ಬುರೇಟರಿನಲ್ಲಿ ಪೆಟ್ರೋಲು ಕಡಿಮೆಯಾದರೆ ಆಯಿಲ್ಲೂ ಅಷ್ಟೇ ಕಡಿಮೆ. ಉರಿ ಹೆಚ್ಚು ಬಿಸಿಯಾಗುವ ಹೊತ್ತಿಗೇ ಬೇರಿಂಗು, ಪಿಸ್ಟನ್ನುಗಳ ಎಣ್ಣೆಯೂ ಬತ್ತುತ್ತದೆ. ಸಿಲಿಂಡರಿಗೊಂದರಂತೆ ಕಾರ್ಬುರೇಟರ್ ಇರುವ ಮೋಟಾರಿನಲ್ಲಿ ಒಂದರ ಜೆಟ್ಟು ಮುಚ್ಚಿಕೊಂಡರೆ ಇನ್ನೊಂದು ಸಿಲಿಂಡರ್ ಅದನ್ನು ಎಳೆದುಕೊಂಡೇ ಹೋಗುತ್ತದೆ. ದೋಣಿಯವನಿಗೆ ಬಲ ಸ್ವಲ್ಪ ಕಡಿಮೆಯಾದ ಹಾಗೆ ಅನಿಸುವ ಹೊತ್ತಿಗೆ ಒಳಗೆ ಪಿಸ್ಟನ್ ಸೀಜ್ ಆಗುತ್ತಿರುತ್ತದೆ, ಅಂದರೆ ಸಿಲಿಂಡರಿಗೆ ಕಚ್ಚಿಕೊಳ್ಳುತ್ತಿರುತ್ತದೆ. "ಒಂದ್ ಸಿಲಿಂಡರ್‌ನಾಗ ಮನಿ ತನಕ ಹೋಗೂಣು" ಎನ್ನುವುದು ಬೈಕಿಗೆ ನಡೆದೀತು, ಇಲ್ಲಿ ನಡೆಯದು.

ಬೆರಕೆಯ ಲೆಕ್ಕ ಸರಳ. 50:1 ಎಂದರೆ 10 ಲೀಟರಿಗೆ 200 ಮಿ.ಲೀ., 24 ಲೀಟರಿನ ಕೆಂಪು ಟ್ಯಾಂಕಿಗೆ 480 ಮಿ.ಲೀ. ರಿಂಗು-ಪಿಸ್ಟನ್ ಹೊಸದಾಗಿ ಹಾಕಿದ ಎಂಜಿನ್ನಿಗೆ ಮೊದಲ ಕೆಲವು ಗಂಟೆ 25:1 ಹಾಕುವುದು ರೂಢಿ. ತೀರಾ ಹಳೆಯ ಮೋಟಾರುಗಳಿಗೆ ಯಾವಾಗಲೂ ಅಷ್ಟೇ ಬೇಕು. ಮಾಡೆಲ್ ಸಂಖ್ಯೆಯ ತಗಡು ಸಾಮಾನ್ಯವಾಗಿ ದೋಣಿಗೆ ಬಿಗಿಯುವ ಕ್ಲ್ಯಾಂಪಿನ ಮೇಲಿರುತ್ತದೆ. ಅದನ್ನು ಹಿಡಿದು ಆ ಮೋಟಾರಿನ ಪುಸ್ತಕದಲ್ಲಿ ನೋಡಿ ತೀರ್ಮಾನಿಸಿ. ಆಯಿಲ್ಲಿನ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂದಿರಬೇಕು, ಅದು ನೀರಿನಿಂದ ತಣ್ಣಗಾಗುವ ಟೂ-ಸ್ಟ್ರೋಕಿನ ಆಯಿಲ್ಲಿನ ಗುರುತು. ಬೈಕಿನ ಟೂಟಿ (2ಟಿ) ಆಯಿಲ್ ಬಿಸಿ ಹೆಚ್ಚಿರುವ, ಗಾಳಿಯಿಂದ ತಣ್ಣಗಾಗುವ ಎಂಜಿನ್ನಿಗೆ ಮಾಡಿದ್ದು. ಅದರಲ್ಲಿ ಬೂದಿ ಬಿಡುವ ಸೇರ್ಪಡೆಗಳಿರುತ್ತವೆ. ತಣ್ಣೀರು ಸುತ್ತುತ್ತಿರುವ ಎಂಜಿನ್ನಿನಲ್ಲಿ ಆ ಬೂದಿ ಪ್ಲಗ್ಗಿನ ಸಂದಿಯಲ್ಲೂ ರಿಂಗು ಕೂರುವ ತೋಡಿನಲ್ಲೂ ಕೂತು ರಿಂಗು ಕಚ್ಚಿಕೊಳ್ಳುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ಹಾಕಿಸಬೇಡಿ.

ಈಗ ಇನ್ನೊಂದು ತಲೆನೋವು ಸೇರಿದೆ. ದೇಶದ ಪೆಟ್ರೋಲಿನಲ್ಲಿ ಎಥನಾಲ್ 2022ರಲ್ಲಿ ಶೇ 10 ಮುಟ್ಟಿತು, 2025ರ ಹೊತ್ತಿಗೆ ಶೇ 20. ಎಥನಾಲ್ ಗಾಳಿಯ ತೇವ ಹೀರುತ್ತದೆ, ಗೋವಾದ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನು ಬರವೇ? ನೀರು ಮಿತಿ ಮೀರಿದಾಗ ನೀರೂ ಎಥನಾಲೂ ಸೇರಿ ಟ್ಯಾಂಕಿನ ತಳಕ್ಕೆ ಬೇರೆ ಪದರವಾಗಿ ಇಳಿಯುತ್ತವೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ನು ಎಳೆದುಕೊಳ್ಳುವ ಕೊಳವೆಯ ಬಾಯಿ ಇರುವುದು ತಳದಲ್ಲಿ. ಹಗ್ಗ ಎಳೆದವನು ಎಂಜಿನ್ನಿಗೆ ಆಯಿಲ್ಲಿಲ್ಲದ ನೀರು ಕುಡಿಸುತ್ತಿರುತ್ತಾನೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಆ ಹೊತ್ತಿನಲ್ಲಿ ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲನ್ನು ಆಗಸ್ಟಿನಲ್ಲಿ ಬಳಸಲೇಬಾರದು. ಮೇ ಕೊನೆಯಲ್ಲಿ ಟ್ಯಾಂಕ್ ಬರಿದು ಮಾಡಿ, ಪೈಪು ಕಳಚಿ, ಕಾರ್ಬುರೇಟರಿನ ಬಟ್ಟಲು ಖಾಲಿ ಮಾಡಿಡಿ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ಮುಗಳನ್ನು ಎಥನಾಲ್ ಮೆತ್ತಗಾಗಿಸುತ್ತದೆ. ಅವನ್ನು ಎಥನಾಲ್ ತಾಳುವ ಹೊಸ ಸಾಮಾನಿನಿಂದ ಬದಲಿಸುವುದು ಇಂದಿನ ರಿಪೇರಿಯ ಭಾಗವೇ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆ ಜೆಟ್ಟಿನಲ್ಲಿ ಮಿಶ್ರಣ ಬಡವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲು ಸಾಲದಾಗುತ್ತದೆ. ಪ್ಲಗ್ಗು ಬಿಳಿಚುತ್ತಿದ್ದರೆ ಮೇನ್ ಜೆಟ್ಟು ಒಂದು ಸೈಜು ದೊಡ್ಡದು ಹಾಕಬೇಕಾಗಬಹುದು.

ಓಡುತ್ತಿರುವ ಮೋಟಾರು ಸೊರಗುವಾಗ ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಹಿಸುಕಿ ನೋಡಿ. ಹಿಸುಕಿದಾಗ ಚೇತರಿಸಿಕೊಂಡರೆ ಪಂಪಿನ ಡಯಾಫ್ರಮ್ಮು ಅಥವಾ ಗಾಳಿ ಸೋರುವ ಪೈಪಿನ ಜೋಡಣೆ ಕೆಟ್ಟಿದೆ. ಬಲ್ಬು ಚಪ್ಪಟೆಯಾಗಿ ಅಂಟಿಕೊಂಡಿದ್ದರೆ ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ಮುಚ್ಚಿದೆ. ಚೋಕು ಎಳೆದಾಗ ಮಾತ್ರ ಓಡಿದರೆ ಐಡ್ಲಿಂಗಿಗೆ ಪೆಟ್ರೋಲು ಕೊಡುವ ಪೈಲಟ್ ಜೆಟ್ಟಿನಲ್ಲಿ ಕಸ. ಪೈಲಟ್ ತಿರುಪನ್ನು ತೆಗೆಯುವ ಮೊದಲು ಅದು ಮೆಲ್ಲಗೆ ತಳ ಮುಟ್ಟಲು ಎಷ್ಟು ಸುತ್ತು ಬೇಕೆಂದು ಬರೆದಿಟ್ಟುಕೊಳ್ಳಿ. ಜೆಟ್ಟಿಗೆ ಸ್ಟೀಲ್ ತಂತಿ ಹಾಕಬೇಡಿ, ತೂತು ಹಿಗ್ಗುತ್ತದೆ. ಕ್ಲೀನರ್ ಮತ್ತು ಗಾಳಿ ಸಾಕು. ಕಾರ್ಬುರೇಟರಿನ ಬಾಯಿಂದ ಪೆಟ್ರೋಲು ಹಿಂದಕ್ಕೆ ಉಗುಳುತ್ತಿದ್ದರೆ ರೀಡಿನ ಎಲೆ ಮುರಿದಿದೆ ಅಥವಾ ಬಾಗಿದೆ.

ಕಿಡಿ, ಗೇರು

ಕಿಡಿಯ ವಿಷಯದಲ್ಲಿ ಬೈಕಿನ ಅನುಭವ ಹೆಚ್ಚುಕಡಿಮೆ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಒಂದು ಮಾತು ಸೇರಿಸಬೇಕು: ಮೊದಲು ನೋಡಬೇಕಾದ್ದು ಸ್ಟಾಪ್ ಸ್ವಿಚ್ಚು ಮತ್ತು ಅದರ ಕೆಂಪು ಹಗ್ಗದ ಕ್ಲಿಪ್ಪು. ಉಪ್ಪಿನ ಗಾಳಿಯಲ್ಲಿ ಅದೇ ಮೊದಲು ಕೆಡುತ್ತದೆ. ಸ್ವಿಚ್ಚಿನ ವೈರನ್ನು ಸಿಡಿಐನಿಂದ ಬಿಡಿಸಿದಾಗ ಕಿಡಿ ಬಂದರೆ ಕೆಟ್ಟದ್ದು ಸ್ವಿಚ್ಚೇ. ಹಾಗೆ ಪರೀಕ್ಷಿಸುವಾಗ ಎಂಜಿನ್ ಎದ್ದರೆ ಚೋಕು ಎಳೆದು ನಿಲ್ಲಿಸಬೇಕಾಗುತ್ತದೆ ಎಂಬುದು ನೆನಪಿರಲಿ. ಅರ್ತ್ ವೈರಿನ ತುದಿ ಹಸಿರುಗಟ್ಟಿದ್ದರೆ ಕತ್ತರಿಸಿ ಹೊಸ ಲಗ್ ಹಾಕಿ. ಮ್ಯಾಗ್ನೆಟ್ ಚಕ್ರ ತೆಗೆಯಲು ಅದರ ನಡುವಿನ ತಿರುಪಿನ ತೂತುಗಳಿಗೆ ಕೂರುವ ಪುಲ್ಲರನ್ನೇ ಬಳಸಿ. ಅಂಚಿಗೆ ಕೊಕ್ಕೆ ಹಾಕಿ ಎಳೆದರೆ ಚಕ್ರ ಸೊಟ್ಟಗಾಗುತ್ತದೆ, ಒಳಗಿನ ಅಯಸ್ಕಾಂತದ ಅಂಟು ಬಿಡುತ್ತದೆ.

ಗೇರ್ ಆಯಿಲ್ಲಿನ ಕೆಳಗಿನ ತಿರುಪು ಬಿಚ್ಚಿದಾಗ ಹಾಲು ಬೆರೆಸಿದ ಚಹದ ಬಣ್ಣ ಕಂಡರೆ ನೀರು ಸೇರಿದೆ. ಹೆಚ್ಚಾಗಿ ಕಾರಣ ಪ್ರೊಪೆಲರಿನ ಹಿಂದೆ ಸುತ್ತಿಕೊಂಡ ನೈಲಾನ್ ದಾರ. ಅದು ಸುತ್ತುತ್ತ ಸುತ್ತುತ್ತ ಸೀಲನ್ನು ಕೊಯ್ಯುತ್ತದೆ. ಬಲೆ ಬೀಸುವ ದೋಣಿಗಳಲ್ಲಿ ಆಗಾಗ ಪ್ರೊಪೆಲರ್ ತೆಗೆದು ನೋಡುವುದೊಂದೇ ಉಪಾಯ. ಹೊಸ ಆಯಿಲ್ಲನ್ನು ಕೆಳಗಿನ ತೂತಿನಿಂದ ಒತ್ತಿ, ಮೇಲಿನದರಿಂದ ಹೊರಬರುವ ತನಕ ತುಂಬಬೇಕು. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ. ತಿರುಪುಗಳ ವಾಶರು ಪ್ರತಿ ಸಲವೂ ಹೊಸತು.

ಕಚ್ಚಿಕೊಂಡ ಬೋಲ್ಟು

ಸ್ಟೀಲ್ ಬೋಲ್ಟು, ಅಲ್ಯೂಮಿನಿಯಂ ಬ್ಲಾಕು, ನಡುವೆ ಉಪ್ಪುನೀರು. ಈ ಮೂರು ಸೇರಿದಲ್ಲಿ ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗಿ ಬೋಲ್ಟನ್ನು ಸುತ್ತ ಅಮುಕಿ ಹಿಡಿಯುತ್ತದೆ. ಜಂಗು ಹಿಡಿದ ಬೈಕಿನ ನಟ್ಟಿನ ಹಾಗೆ ಜೋರು ಹಾಕಿದರೆ 6 ಮಿ.ಮೀ. ಬೋಲ್ಟು ಕತ್ತು ಮುರಿದುಕೊಳ್ಳುತ್ತದೆ, ಮುಂದಿನ ಎರಡು ದಿನ ಲೇತ್ ಅಂಗಡಿಗೆ ಓಡಾಟ. ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಮರುದಿನ ಪೆಟ್ರೋಲಿನ ಪೈಪು, ಟ್ಯಾಂಕು ದೂರವಿಟ್ಟು ಬೋಲ್ಟಿಗಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಮ್ಮಿಗೆ ಬಿಸಿ ಕೊಡಿ. ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚು ಹಿಗ್ಗುತ್ತದೆ, ಹಿಡಿತ ಸಡಿಲಾಗುತ್ತದೆ. ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ. ಹೀಗೆ ಹಿಂದೆ ಮುಂದೆ ಆಡಿಸುತ್ತ ಹೋಗುವುದರಲ್ಲಿ ಇರುವ ಫಲ ಉದ್ದನೆಯ ಪೈಪು ಹಾಕಿ ಎಳೆಯುವುದರಲ್ಲಿ ಇಲ್ಲ. ಪುನಃ ಹಾಕುವಾಗ ಪ್ರತಿ ತಿರುಪಿಗೂ ಮರೀನ್ ಗ್ರೀಸು ಹಚ್ಚಿ. ಮುಂದೆ ಇದನ್ನು ಬಿಚ್ಚುವವನ ಶ್ರಮ ಅದರಿಂದ ಉಳಿಯುತ್ತದೆ.

ಕಾಲಿನ ಮೇಲೆ ಬಿಗಿದಿರುವ ಸತುವಿನ ತುಂಡು ಇರುವುದೂ ಇದಕ್ಕೇ. ಅಲ್ಯೂಮಿನಿಯಮ್ಮಿಗಿಂತ ಮೊದಲು ತಾನು ಕರಗಿ ಅದನ್ನು ಉಳಿಸುತ್ತದೆ. ಅದಕ್ಕೆ ಬಣ್ಣ ಬಳಿದರೆ ಅದರ ಕೆಲಸ ನಿಂತಿತು. ಮೋಟಾರಿಗೆ ಹೊಸ ಬಣ್ಣ ಹೊಡೆಸುವಾಗ ಸತುವಿನ ಮೇಲೂ ಚೆಂದಕ್ಕೆ ಹೊಡೆದಿರುವುದು ಕಂಡರೆ ತಕ್ಷಣ ಕೆರೆದು ತೆಗೆಯಿರಿ.

ನೀರಿಗೆ ಬಿದ್ದ ಮೋಟಾರು

ಅಳಿವೆಯ ಬಾಯಲ್ಲಿ ಅಲೆ ಎದ್ದು ದೋಣಿ ಮಗುಚುವುದು ಚಪೋರಾದಲ್ಲಾಗಲಿ ಬೇತುಲದಲ್ಲಾಗಲಿ ಹೊಸತಲ್ಲ. ಮೋಟಾರು ಮುಳುಗಿದರೆ ಗಡಿಯಾರ ಓಡಲು ಶುರುವಾಯಿತೆಂದೇ ಲೆಕ್ಕ. ಉಪ್ಪುನೀರಿನಲ್ಲಿ ನೆಂದ ಬೇರಿಂಗಿಗೆ ಗಾಳಿ ತಾಗಿದ ಕೆಲವೇ ಗಂಟೆಗಳಲ್ಲಿ ತುಕ್ಕು ಹಿಡಿಯುತ್ತದೆ. ಕೂಡಲೇ ಸಿಹಿನೀರಿನಿಂದ ತೊಳೆದು, ಪ್ಲಗ್ಗು ತೆಗೆದು, ಪ್ಲಗ್ಗಿನ ತೂತು ಕೆಳಮುಖವಾಗುವಂತೆ ಹಿಡಿದು ನಿಧಾನ ಹಗ್ಗ ಎಳೆದು ನೀರು ಹೊರಹಾಕಿ. ಕಾರ್ಬುರೇಟರು ಖಾಲಿ ಮಾಡಿ, ಸಿಲಿಂಡರಿಗೂ ಕಾರ್ಬುರೇಟರಿನ ಬಾಯಿಗೂ ಆಯಿಲ್ ಹಾಕಿ ತಿರುಗಿಸಿ, ಅದೇ ದಿನ ಚಾಲೂ ಮಾಡಿ ಒಳಗಿನ ತೇವ ಆರಿಸಬೇಕು. ಆ ದಿನವೇ ಕೆಲಸ ಹಿಡಿಯಲು ಆಗದಿದ್ದರೆ ಮೋಟಾರನ್ನು ಬಿಸಿಲಿಗೆ ಇಡಬೇಡಿ, ಸಿಹಿನೀರಿನ ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿಡಿ. ಕೇಳಲು ವಿಚಿತ್ರವಾದರೂ ಗಾಳಿ ತಾಗದಂತೆ ನೋಡಿಕೊಳ್ಳುವುದೇ ಅಲ್ಲಿ ಮುಖ್ಯ. ಓಡುತ್ತಿರುವಾಗಲೇ ಮುಳುಗಿದ್ದರೆ, ಹಗ್ಗ ಎಳೆದಾಗ ಎಲ್ಲಿಯಾದರೂ ಬಿಗಿ ಹಿಡಿದರೆ ಅಲ್ಲಿಗೇ ನಿಲ್ಲಿಸಿ. ನೀರು ಒತ್ತಿಕೊಳ್ಳದ ಕಾರಣ ಕನೆಕ್ಟಿಂಗ್ ರಾಡು ಬಾಗಿರುವ ಸಾಧ್ಯತೆಯಿದೆ. ಆಗ ಪವರ್‌ಹೆಡ್ ಬಿಚ್ಚಲೇಬೇಕು.

ಎಲ್ಲ ಕೂಡಿಸಿದ ಮೇಲೆ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿತೆಂದು ದೋಣಿಯವನ ಕೈಗೆ ಕೊಡಬೇಡಿ. ಡ್ರಮ್ಮಿನಲ್ಲಿ ಭಾರವಿಲ್ಲ, ತೊಂದರೆ ಕಾಣುವುದಿಲ್ಲ. ಅವನ ಜೊತೆ ದೋಣಿಯಲ್ಲಿ ನೀವೂ ಹೋಗಿ, ಹುಟ್ಟುಗೋಲು ಜೊತೆಗಿರಲಿ. ದಡದ ಹತ್ತಿರವೇ ಮೊದಲು ಅರ್ಧ ಥ್ರಾಟಲ್ಲಿನಲ್ಲಿ, ರಿಂಗು ಹೊಸತಲ್ಲದಿದ್ದರೆ ಆಮೇಲೆ ಪೂರ್ತಿ ತೆರೆದು ಸ್ವಲ್ಪ ದೂರ ಓಡಿಸಿ, ಪೂರ್ತಿ ವೇಗದಲ್ಲಿರುವಾಗಲೇ ಸ್ವಿಚ್ಚು ಒತ್ತಿ ನಿಲ್ಲಿಸಿ ಅಲ್ಲೇ ಪ್ಲಗ್ಗು ತೆಗೆದು ನೋಡಿ. ಐಡ್ಲಿಂಗಿನಲ್ಲಿ ದಡಕ್ಕೆ ಬಂದು ತೆಗೆದ ಪ್ಲಗ್ಗು ಐಡ್ಲಿಂಗಿನ ಬಣ್ಣವನ್ನಷ್ಟೇ ತೋರಿಸುತ್ತದೆ. ಹೆಡ್ಡು ಬಿಚ್ಚಿದ್ದರೆ ಎಂಜಿನ್ ತಣ್ಣಗಾದ ಮೇಲೆ ಬೋಲ್ಟುಗಳನ್ನು ಪುಸ್ತಕದಲ್ಲಿರುವ ಕ್ರಮದಲ್ಲಿ, ಟಾರ್ಕ್ ಪಾನಾದಿಂದ ಇನ್ನೊಮ್ಮೆ ಪರೀಕ್ಷಿಸಿ. ಗೇರ್ ಸೀಲು ಬದಲಿಸಿದ್ದರೆ ಹತ್ತು ಗಂಟೆ ಓಡಿದ ಬಳಿಕ ಕೆಳಗಿನ ತಿರುಪು ಬಿಚ್ಚಿ ಆಯಿಲ್ಲಿನ ಬಣ್ಣ ಮತ್ತೆ ನೋಡಬೇಕು.